ಸೊನ್ನೆ ದಾಟಿದ ಚಳಿಗಾಲ: ಸ್ವಾಲ್ಬಾರ್ಡ್‌ನ ವರ್ಷಚಕ್ರದಲ್ಲಿ ಬದಲಾದದ್ದೇನು?

2025ರ ಫೆಬ್ರವರಿಯಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವೊಂದು, ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿರುವ ನೀ-ಓಲೆಸುಂಡ್ ಎಂಬ ಸಂಶೋಧನಾ ನೆಲೆಗೆ, ಆಗಷ್ಟೇ ಬಿದ್ದ ಹಿಮದ ಮಾದರಿಗಳನ್ನು ಸಂಗ್ರಹಿಸಲೆಂದು ಹೋಗಿತ್ತು. ಅದು ವರ್ಷದ ಅತಿ ಚಳಿಯ ತಿಂಗಳುಗಳಲ್ಲೊಂದು. ದಪ್ಪ ಕೋಟು, ಕೈಗವಸುಗಳ ಸಿದ್ಧತೆಯೊಂದಿಗೆ ಹೋದವರಿಗೆ ಅಲ್ಲಿ ಎದುರಾದದ್ದು ಮಳೆ. ಹಿಮನದಿಯ ಬುಡದಲ್ಲಿ ನೀರು ಮಡುಗಟ್ಟಿ ನಿಂತಿತ್ತು. ಹಿಮದ ಹೊದಿಕೆ ಕರಗಿ ಅಲ್ಲಲ್ಲಿ ಹಸಿರು ತಲೆಯೆತ್ತಿತ್ತು. ಕಲ್ಲಿನಂತೆ ಗಟ್ಟಿಯಾಗಿರಬೇಕಾದ ನೆಲದ ಮೇಲ್ಪದರವನ್ನು ಚಮಚದಿಂದ ಕೆರೆದು ತೆಗೆಯಬಹುದಾಗಿತ್ತು. ಎರಡು ವಾರಗಳಲ್ಲಿ ಹೊಸ ಹಿಮ ಅವರ ಕೈಗೆ ಸಿಕ್ಕಿದ್ದು ಒಂದೇ ಸಲ. ಆ ತಿಂಗಳ ಸರಾಸರಿ ಉಷ್ಣಾಂಶ ಮೈನಸ್ 3.3 ಡಿಗ್ರಿ ಸೆಲ್ಸಿಯಸ್. 1961ರಿಂದ 2001ರವರೆಗಿನ ಸರಾಸರಿಯ ಪ್ರಕಾರ ಅದು ಮೈನಸ್ 15ರ ಸುಮಾರಿಗೆ ಇರಬೇಕಿತ್ತು. 28 ದಿನಗಳಲ್ಲಿ 14 ದಿನ ಉಷ್ಣಾಂಶ ಸೊನ್ನೆಯನ್ನು ದಾಟಿತ್ತು.

ಆರ್ಕ್‌ಟಿಕ್ ಬಿಸಿಯಾಗುತ್ತಿದೆ ಎಂಬ ಸುದ್ದಿ ಕನ್ನಡದ ಓದುಗರಿಗೆ ಹೊಸದಲ್ಲ. 1979ರಿಂದ ಈಚೆಗೆ ಆ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಫಿನ್ಲೆಂಡಿನ ಹವಾಮಾನ ತಜ್ಞರ ನೇತೃತ್ವದ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ಅಲ್ಲಿಂದೀಚೆಗೆ ‘ನಾಲ್ಕು ಪಟ್ಟು’ ಎಂಬುದೇ ಎಲ್ಲ ವರದಿಗಳ ತಲೆಬರಹವಾಗಿದೆ. ಆ ಸಂಖ್ಯೆ ತಪ್ಪಲ್ಲ. ಆದರೆ ವರ್ಷದ ಹನ್ನೆರಡು ತಿಂಗಳನ್ನೂ ಒಂದೇ ಪಾತ್ರೆಗೆ ಸುರಿದು ಕಲಕಿ ತೆಗೆದ ಸರಾಸರಿಯು ಎರಡು ಮುಖ್ಯ ಸಂಗತಿಗಳನ್ನು ಮರೆಮಾಡುತ್ತದೆ: ಏರಿಕೆ ವರ್ಷದ ಯಾವ ಕಾಲದ ಮೇಲೆ ಹೆಚ್ಚಾಗಿ ಬಿದ್ದಿದೆ ಎಂಬುದು ಒಂದು, ಆ ಏರಿಕೆ ನೀರು ಹೆಪ್ಪುಗಟ್ಟುವ ಗೆರೆಯ ಯಾವ ಬದಿಯಲ್ಲಿ ನಡೆದಿದೆ ಎಂಬುದು ಇನ್ನೊಂದು. ಒಲೆಯ ಮೇಲಿಟ್ಟ ಹಾಲು 40ರಿಂದ 80 ಡಿಗ್ರಿಗೆ ಏರಿದ್ದು ಅಡುಗೆಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಕೊನೆಯ ಕೆಲವೇ ಡಿಗ್ರಿಗಳಲ್ಲಿ ಅದು ಉಕ್ಕಿ ಒಲೆಯೆಲ್ಲ ರಾಡಿಯಾಗುತ್ತದೆ. ಹಾಗೆಯೇ ಮೈನಸ್ 25 ಇದ್ದ ಚಳಿ ಮೈನಸ್ 15 ಆದರೆ ಆ ನೆಲದ ಮೇಲೆ ಕಣ್ಣಿಗೆ ಕಾಣುವಂಥದ್ದು ಹೆಚ್ಚೇನೂ ಆಗುವುದಿಲ್ಲ. ಮೈನಸ್ 3 ಇದ್ದದ್ದು ಪ್ಲಸ್ 2 ಆದರೆ ಹಿಮ ಮಳೆಯಾಗುತ್ತದೆ, ಮಳೆ ನೆಲದ ಮೇಲೆ ಗಾಜಿನಂಥ ಪದರವಾಗುತ್ತದೆ, ಬೆಟ್ಟದ ಇಳಿಜಾರಿನ ಹಿಮ ಜಾರಲು ಸಿದ್ಧವಾಗುತ್ತದೆ. ಸ್ವಾಲ್ಬಾರ್ಡ್‌ನಲ್ಲಿ ಈಗ ನಡೆಯುತ್ತಿರುವುದು ಇದೇ. ಇದು ಅರ್ಥವಾಗಬೇಕಾದರೆ ಅಲ್ಲಿನ ವರ್ಷ ಹೇಗೆ ಸಾಗುತ್ತದೆಂಬುದನ್ನು ಮೊದಲು ನೋಡಬೇಕು.

ಬೆಳಕಿನ ಪಂಚಾಂಗ

ಸ್ವಾಲ್ಬಾರ್ಡ್ ನಾರ್ವೆಯ ಆಡಳಿತಕ್ಕೆ ಸೇರಿದ ದ್ವೀಪಸಮೂಹ. ಉತ್ತರ ಅಕ್ಷಾಂಶ 74ರಿಂದ 81 ಡಿಗ್ರಿಗಳ ನಡುವೆ ಹರಡಿರುವ ಅದರ ವಿಸ್ತೀರ್ಣ ಸುಮಾರು 61,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಅದರ ಅರ್ಧಕ್ಕಿಂತ ಹೆಚ್ಚು ನೆಲ ಹಿಮನದಿಗಳ ಅಡಿಯಲ್ಲಿದೆ. ಮುಖ್ಯ ಊರಾದ ಲಾಂಗ್‌ಇಯರ್‌ಬ್ಯೂನ್‌ನಲ್ಲಿ ಸುಮಾರು 2,500 ಜನ ವಾಸಿಸುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕಲ್ಲಿದ್ದಲು ಗಣಿ ತೆರೆದ ಅಮೆರಿಕದ ಉದ್ಯಮಿ ಜಾನ್ ಮನ್ರೊ ಲಾಂಗ್‌ಇಯರ್ ಅವರ ಹೆಸರೇ ಈ ಊರಿಗೆ ಬಂದಿದೆ.

ಲಾಂಗ್‌ಇಯರ್‌ಬ್ಯೂನ್‌ನಲ್ಲಿ ಅಕ್ಟೋಬರ್ 26ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ದಿಗಂತದ ಮೇಲೆ ಬರುವುದು ಫೆಬ್ರವರಿ ಮಧ್ಯದಲ್ಲಿ. ಈ ಅವಧಿಯೆಲ್ಲವೂ ಕಗ್ಗತ್ತಲೆಯೆಂದು ತಿಳಿಯಬೇಕಾಗಿಲ್ಲ. ಮೊದಲ ಮತ್ತು ಕೊನೆಯ ವಾರಗಳಲ್ಲಿ ನಡುಹಗಲಿಗೆ ಕೆಲವು ತಾಸು ನೀಲಿ ಮುಸ್ಸಂಜೆಯಂಥ ಬೆಳಕಿರುತ್ತದೆ. ಆದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನಡುಹಗಲಿನಲ್ಲೂ ಸೂರ್ಯ ದಿಗಂತಕ್ಕಿಂತ ಆರು ಡಿಗ್ರಿಗೂ ಕೆಳಗೆ ಇರುವುದರಿಂದ ಬೆಳಗಿನ ಹನ್ನೊಂದಕ್ಕೂ ರಾತ್ರಿಯ ಹನ್ನೊಂದಕ್ಕೂ ಬೀದಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಆಕಾಶದ ಲೆಕ್ಕ ಇಡುವುದು ಚಂದ್ರ. ಹುಣ್ಣಿಮೆಯ ಆಸುಪಾಸಿನಲ್ಲಿ ಅವನು ವಾರಕ್ಕೂ ಮಿಕ್ಕಿ ಮುಳುಗದೆ ಆಕಾಶದಲ್ಲೇ ಸುತ್ತುಹಾಕುತ್ತಿರುತ್ತಾನೆ. ಅಮಾವಾಸ್ಯೆಯ ಕಡೆ ಅಷ್ಟೇ ದಿನ ಕಾಣೆಯಾಗುತ್ತಾನೆ.

ಫೆಬ್ರವರಿ ಮಧ್ಯದಲ್ಲಿ ಸೂರ್ಯ ದಿಗಂತ ದಾಟಿದರೂ ಊರು ಬೆಟ್ಟಗಳ ನಡುವಿನ ಕಣಿವೆಯಲ್ಲಿರುವುದರಿಂದ ಬಿಸಿಲು ಊರೊಳಗೆ ಬೀಳಲು ಮಾರ್ಚ್ 8ರವರೆಗೆ ಕಾಯಬೇಕು. ಅಂದು ಇಡೀ ಊರು ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಬಳಿ ಸೇರುತ್ತದೆ. ಆಸ್ಪತ್ರೆಯ ಕಟ್ಟಡ ಎಂದೋ ಹೋಗಿದೆ, ಉಳಿದಿರುವುದು ಮೆಟ್ಟಿಲು ಮಾತ್ರ. ಬೆಟ್ಟದ ಸಂದಿನಿಂದ ಬಂದ ಮೊದಲ ಕಿರಣ ಆ ಮೆಟ್ಟಿಲುಗಳಿಗೆ ತಗುಲಿದಾಗ ಸೂರ್ಯ ಬಂದನೆಂದು ಲೆಕ್ಕ. ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡ ಮಕ್ಕಳು ಸೂರ್ಯನನ್ನು ಕೂಗಿ ಕರೆಯುತ್ತಾರೆ. ಮೋಡ ಮುಸುಕಿದ ವರ್ಷಗಳಲ್ಲೂ ಕೂಗು ತಪ್ಪುವುದಿಲ್ಲ. ಅಲ್ಲಿಂದ ಮುಂದೆ ಬೆಳಕು ನುಗ್ಗಿ ಬರುತ್ತದೆ. ಫೆಬ್ರವರಿ ಮಧ್ಯದಲ್ಲಿ ಸೊನ್ನೆ ತಾಸು ಇದ್ದ ಹಗಲು ಏಪ್ರಿಲ್ 20ರ ಹೊತ್ತಿಗೆ 24 ತಾಸು ಆಗುತ್ತದೆ, ಅಂದರೆ ದಿನಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೆಳೆಯುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ತಾಸು. ಅಷ್ಟು ಬದಲಾವಣೆ ಅಲ್ಲಿ ಒಂದು ವಾರದೊಳಗೆ ಆಗಿಹೋಗುತ್ತದೆ. ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ.

ಇಷ್ಟು ಬೆಳಕಿದ್ದೂ ಬಿಸಿ ಏಕಿಲ್ಲ? ಜೂನ್ 21ರ ನಡುಹಗಲಿನಲ್ಲಿ, ಎಂದರೆ ವರ್ಷದಲ್ಲೇ ಸೂರ್ಯ ಅತಿ ಎತ್ತರದಲ್ಲಿರುವಾಗ, ಅವನು ಅಲ್ಲಿ ದಿಗಂತದಿಂದ ಏರುವುದು 35 ಡಿಗ್ರಿ ಮಾತ್ರ. ಬೆಂಗಳೂರಿನಲ್ಲಿ ಡಿಸೆಂಬರಿನ ನಡು ಮಾಗಿಯಲ್ಲೂ ನಡುಹಗಲಿನ ಸೂರ್ಯ 53 ಡಿಗ್ರಿ ಎತ್ತರಕ್ಕಿರುತ್ತಾನೆ. ಆದರೂ ಇಪ್ಪತ್ತನಾಲ್ಕು ತಾಸೂ ಬಿಡದೆ ಬೆಳಗುವುದರಿಂದ, ಜೂನ್ ಕೊನೆಯಲ್ಲಿ ಧ್ರುವದ ವಾಯುಮಂಡಲದ ನೆತ್ತಿಯ ಮೇಲೆ ಒಂದು ದಿನಕ್ಕೆ ಬೀಳುವ ಒಟ್ಟು ಬಿಸಿಲು ಸಮಭಾಜಕ ವೃತ್ತದ ಮೇಲೆ ಬೀಳುವುದಕ್ಕಿಂತ ಹೆಚ್ಚೇ ಇರುತ್ತದೆ. ಕೇಳಿದವರಿಗೆ ನಂಬಿಕೆ ಬರುವುದಿಲ್ಲ, ಆದರೆ ಲೆಕ್ಕ ಸರಿಯಾಗಿದೆ. ಆ ಬಿಸಿಲಿನ ಬಹುಪಾಲನ್ನು ಮೋಡ, ಹಿಮ, ಮಂಜುಗಡ್ಡೆಗಳು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತವೆ; ಉಳಿದದ್ದರಲ್ಲಿ ದೊಡ್ಡ ಭಾಗ ಹಿಮವನ್ನು ಕರಗಿಸಲು ವ್ಯಯವಾಗುತ್ತದೆ. ಗಾಳಿಯನ್ನು ಬಿಸಿಮಾಡಲು ಉಳಿಯುವುದು ಅಲ್ಪ.

ಹವೆಯ ಪಂಚಾಂಗ

ಬೆಳಕಿನ ಪಂಚಾಂಗ ಭೂಮಿಯ ಓರೆಯ ಮೇಲೆ ನಿಂತಿದೆ. ಅದನ್ನು ಯಾರೂ ಕೆಡಿಸಲಾರರು. ಹವೆಯ ಪಂಚಾಂಗದ ಕತೆ ಬೇರೆ.

ದಕ್ಷಿಣ ಧ್ರುವ ಖಂಡದಲ್ಲಿ ರಷ್ಯದ ವೊಸ್ತೋಕ್ ನೆಲೆ ಇರುವುದು ದಕ್ಷಿಣ ಅಕ್ಷಾಂಶ 78 ಡಿಗ್ರಿಯ ಮೇಲೆ. ಲಾಂಗ್‌ಇಯರ್‌ಬ್ಯೂನ್ ಇರುವುದೂ ಉತ್ತರದ 78 ಡಿಗ್ರಿಯ ಮೇಲೆ. ಎರಡಕ್ಕೂ ವರ್ಷದಲ್ಲಿ ಸಿಗುವ ಸೂರ್ಯ ಹೆಚ್ಚುಕಡಿಮೆ ಒಂದೇ. ಆದರೆ ವೊಸ್ತೋಕ್‌ನಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು. ಲಾಂಗ್‌ಇಯರ್‌ಬ್ಯೂನ್ ವಿಮಾನ ನಿಲ್ದಾಣದ ಕನಿಷ್ಠ ದಾಖಲೆ 1986ರ ಮಾರ್ಚ್‌ನ ಮೈನಸ್ 46.3. ಒಂದು ಮೂರೂವರೆ ಕಿಲೋಮೀಟರ್ ದಪ್ಪದ ಹಿಮದ ಪ್ರಸ್ಥಭೂಮಿಯ ಮೇಲೆ, ಕಡಲಿನಿಂದ ಬಹು ದೂರದಲ್ಲಿದೆ. ಇನ್ನೊಂದು ಕಡಲ ದಂಡೆಯಲ್ಲಿದೆ. ಅದೂ ಎಂಥ ಕಡಲು? ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಒಂದು ಕವಲು ನಾರ್ವೆಯ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹರಿದು ಸ್ವಾಲ್ಬಾರ್ಡ್‌ನ ಪಶ್ಚಿಮ ದಂಡೆಗೆ ಬಂದು ತಲುಪುತ್ತದೆ. ಜಗತ್ತಿನಲ್ಲಿ ಇಷ್ಟು ಉತ್ತರದಲ್ಲಿ ಇಷ್ಟು ಬೆಚ್ಚಗಿರುವ ನೆಲ ಮತ್ತೊಂದಿಲ್ಲ. ಇಲ್ಲಿ ಊರು ಕಟ್ಟಲು ಸಾಧ್ಯವಾದದ್ದೂ, ಗಣಿಯ ಕಲ್ಲಿದ್ದಲನ್ನು ಹಡಗಿಗೆ ತುಂಬಿ ಕಳಿಸಲು ಸಾಧ್ಯವಾದದ್ದೂ ಈ ನೀರಿನಿಂದಲೇ.

ವರ್ಷದ ಅತಿ ಕೊರೆಯುವ ಚಳಿ ಕತ್ತಲೆಯ ನಡುವಿನಲ್ಲಲ್ಲ, ಸೂರ್ಯ ಮರಳಿದ ಮೇಲೆ ಬರುತ್ತದೆ. ನಾಲ್ಕು ತಿಂಗಳು ನೆಲವೂ ಕಡಲೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತವೆ. ಕಡಲ ಮಂಜುಗಡ್ಡೆಯ ಹರವು ಗರಿಷ್ಠ ಮಟ್ಟ ತಲುಪುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಹೀಗಾಗಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳೇ ಅಲ್ಲಿನ ನಿಜವಾದ ಚಳಿಗಾಲ. ನಂತರದ ವಸಂತ ಬೆಳಕಿನ ದೃಷ್ಟಿಯಿಂದ ಬೇಸಿಗೆಯಾದರೂ ಹಿಮದ ದೃಷ್ಟಿಯಿಂದ ಚಳಿಗಾಲವೇ. ಕರಗುವಿಕೆ ಆರಂಭವಾಗುವುದು ಜೂನ್‌ನಲ್ಲಿ. ಜುಲೈಯಲ್ಲಿ ಉಷ್ಣಾಂಶ ಸರಾಸರಿ 6-7 ಡಿಗ್ರಿ. ಸೆಪ್ಟೆಂಬರಿನಲ್ಲಿ ಮತ್ತೆ ಹಿಮ. ಮಳೆ-ಹಿಮ ಎರಡೂ ಸೇರಿ ಲಾಂಗ್‌ಇಯರ್‌ಬ್ಯೂನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 200 ಮಿ.ಮೀ. ಬರದ ನಾಡೆಂದು ನಾವು ಹೇಳುವ ಚಳ್ಳಕೆರೆಯಲ್ಲೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಆಗುಂಬೆಯಲ್ಲಿ ಆಷಾಢದ ಒಂದು ಜೋರು ದಿನ ಸಾಕು. ಹಿಮದ ನಾಡೆಂದರೆ ತೇವದ ನಾಡು ಎಂಬುದು ನಮ್ಮ ಊಹೆ. ವಾಸ್ತವದಲ್ಲಿ ಅದು ಚಳಿಯ ಮರುಭೂಮಿ. ಬಿದ್ದ ಅಲ್ಪಸ್ವಲ್ಪವೂ ಕರಗದೆ ಉಳಿಯುವುದರಿಂದ ಹಿಮನದಿಗಳು ಬೆಳೆದವು.

ಈಗ ಬದಲಾವಣೆಯ ಅಂಕಿಗಳನ್ನು ನೋಡೋಣ. ವಿಮಾನ ನಿಲ್ದಾಣದ ಮಾಪಕದಲ್ಲಿ 1961-1990ರ ಅವಧಿಯ ವಾರ್ಷಿಕ ಸರಾಸರಿ ಮೈನಸ್ 6.7 ಡಿಗ್ರಿ. 1991-2020ರ ಅವಧಿಗೆ ಅದು ಮೈನಸ್ 4ರ ಆಸುಪಾಸಿಗೆ ಬಂದಿದೆ. ಇದನ್ನು ತಿಂಗಳುಗಳಾಗಿ ಒಡೆದರೆ ಚಿತ್ರ ಬೇರೆಯಾಗುತ್ತದೆ. ಜುಲೈ ತಿಂಗಳ ಸರಾಸರಿ ಈ ಎರಡು ಅವಧಿಗಳ ನಡುವೆ ಸುಮಾರು ಒಂದು ಡಿಗ್ರಿ ಏರಿದರೆ, ಫೆಬ್ರವರಿಯದು ಮೈನಸ್ 16ರ ಸುಮಾರಿನಿಂದ ಮೈನಸ್ 11ರ ಸುಮಾರಿಗೆ, ಎಂದರೆ ಐದು ಡಿಗ್ರಿಯಷ್ಟು ಏರಿದೆ. ಆರ್ಕ್‌ಟಿಕ್ ತಾಪವೃದ್ಧಿ ಮೂಲತಃ ಚಳಿಗಾಲದ ವ್ಯವಹಾರ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಕತ್ತಲೆಯಲ್ಲಿ ಬಿಸಿ ಎಲ್ಲಿಂದ ಬರುತ್ತದೆ?

ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಬಿಳಿಯ ಮಂಜುಗಡ್ಡೆ ಬಿಸಿಲನ್ನು ಪ್ರತಿಫಲಿಸುತ್ತದೆ, ಅದು ಕರಗಿದರೆ ಕಪ್ಪು ಕಡಲು ಬಿಸಿಲನ್ನು ಹೀರುತ್ತದೆ, ಅದರಿಂದ ಇನ್ನಷ್ಟು ಕರಗುತ್ತದೆ. ಹೊಸ ಹಿಮ ಹೊದ್ದ ಮಂಜುಗಡ್ಡೆ ಬಿಸಿಲಿನ ಹತ್ತರಲ್ಲಿ ಎಂಟು ಪಾಲನ್ನು ಹಿಂದಿರುಗಿಸಿದರೆ, ತೆರೆದ ಕಡಲು ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲ ಎಂಬುದು ನಿಜವೇ. ಆದರೆ ಈ ವಿವರಣೆಯಲ್ಲಿ ಒಂದು ತೊಡಕಿದೆ. ಡಿಸೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಪ್ರತಿಫಲಿಸಲು ಬಿಸಿಲೇ ಇಲ್ಲ. ಹಾಗಿದ್ದೂ ಅತಿ ಹೆಚ್ಚು ಬಿಸಿಯಾದದ್ದು ಆ ತಿಂಗಳುಗಳೇ.

ಇದಕ್ಕೆ ಮೊದಲ ಕಾರಣ ಕಡಲ ಮಂಜುಗಡ್ಡೆಯ ಇನ್ನೊಂದು ಗುಣ: ಅದು ಕನ್ನಡಿ ಮಾತ್ರವಲ್ಲ, ಮುಚ್ಚಳ ಕೂಡ. ಉಪ್ಪುನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಸುಮಾರಿಗೆ. ಹಾಗಾಗಿ ಎಂಥ ಚಳಿಯಲ್ಲೂ ಕಡಲ ನೀರು ಅದಕ್ಕಿಂತ ತಣ್ಣಗಾಗಲಾರದು. ಹೊರಗಿನ ಗಾಳಿ ಮೈನಸ್ 25 ಇರುವಾಗ ಆ ನೀರು ಗಾಳಿಯ ಪಾಲಿಗೆ ಬಿಸಿನೀರಿನ ಹಂಡೆಯಿದ್ದಂತೆ. ಒಂದೆರಡು ಮೀಟರ್ ದಪ್ಪದ ಮಂಜುಗಡ್ಡೆ, ಅದರ ಮೇಲೊಂದು ಹಿಮದ ಹೊದಿಕೆ ಇದ್ದರೆ ಹಂಡೆಯ ಶಾಖ ಹೊರಬರುವುದಿಲ್ಲ. ಮುಚ್ಚಳ ತೆಗೆದರೆ ಬೇಸಿಗೆಯಲ್ಲಿ ಕಡಲು ಹೀರಿದ ಶಾಖ, ಜತೆಗೆ ಅಟ್ಲಾಂಟಿಕ್ ಪ್ರವಾಹ ಹೊತ್ತು ತಂದ ಶಾಖ, ಎಲ್ಲವೂ ಚಳಿಗಾಲದ ಗಾಳಿಗೆ ಸೇರುತ್ತದೆ. ಸ್ವಾಲ್ಬಾರ್ಡ್‌ನ ಪೂರ್ವಕ್ಕಿರುವ ಬ್ಯಾರೆಂಟ್ಸ್ ಕಡಲಿನಲ್ಲಿ ಚಳಿಗಾಲದ ಮಂಜುಗಡ್ಡೆ ಕಳೆದ ನಾಲ್ಕು ದಶಕಗಳಲ್ಲಿ ತೀವ್ರವಾಗಿ ಕುಗ್ಗಿದೆ. ಲಾಂಗ್‌ಇಯರ್‌ಬ್ಯೂನ್ ಎದುರಿನ ಈಸ್‌ಫ್ಯೋರ್ಡ್ ಎಂಬ ಅಗಲವಾದ ಕಡಲ ಕೊಲ್ಲಿಯ ಹೆಸರಿನ ಅರ್ಥವೇ ‘ಮಂಜುಗಡ್ಡೆಯ ಕೊಲ್ಲಿ’. ಹಿಂದೆ ಜನ ಅದರ ಮೇಲೆ ಸ್ನೋ ಸ್ಕೂಟರ್ ಓಡಿಸುತ್ತಿದ್ದರು. 2006ರ ನಂತರ ಅದರ ಮುಖ್ಯ ಭಾಗ ಮೊದಲಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ನಿಂತೇಹೋಗಿದೆ. ಒಳಗಿನ ಕವಲುಗಳಲ್ಲಷ್ಟೇ ಮಂಜುಗಡ್ಡೆ ಕಟ್ಟುತ್ತದೆ.

ಎರಡನೆಯ ಕಾರಣ ಗಾಳಿಯ ಪದರಗಳಿಗೆ ಸಂಬಂಧಿಸಿದ್ದು. ಮಾಗಿಯ ಮುಂಜಾನೆ ಮಲೆನಾಡಿನ ಕಣಿವೆಗಳಲ್ಲಿ ಒಲೆಯ ಹೊಗೆ ಮೇಲೇರದೆ ಹಂಚಿನ ಮೇಲೆಯೇ ಹಾಸಿಕೊಂಡಂತೆ ನಿಲ್ಲುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ನೆಲಕ್ಕೆ ತಾಗಿದ ಗಾಳಿ ತಣ್ಣಗೆ ಭಾರವಾಗಿ, ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ ಇದ್ದಾಗ ಎರಡೂ ಬೆರೆಯುವುದಿಲ್ಲ. ಧ್ರುವದ ಚಳಿಗಾಲದಲ್ಲಿ ಈ ಸ್ಥಿತಿ ವಾರಗಟ್ಟಲೆ ಇರುತ್ತದೆ. ಉಷ್ಣವಲಯದಲ್ಲಿ ನೆಲಕ್ಕೆ ಸೇರಿದ ಹೆಚ್ಚುವರಿ ಶಾಖವನ್ನು ಗುಡುಗುಮೋಡಗಳು ಹತ್ತು-ಹದಿನೈದು ಕಿಲೋಮೀಟರ್ ಎತ್ತರಕ್ಕೆ ಎತ್ತಿ ಹಂಚಿಬಿಡುತ್ತವೆ. ಧ್ರುವದಲ್ಲಿ ಅದು ನೆಲದ ಹತ್ತಿರದ ತೆಳ್ಳನೆಯ ಪದರದಲ್ಲೇ ಸಿಕ್ಕಿಬಿದ್ದು ಆ ಪದರವನ್ನೇ ಬಿಸಿಮಾಡುತ್ತದೆ.

ಮೂರನೆಯದು ಹೊರಗಿನಿಂದ ಬರುವ ಅತಿಥಿ. ಅಟ್ಲಾಂಟಿಕ್ ಮೇಲಿನ ಚಂಡಮಾರುತಗಳು ಚಳಿಗಾಲದಲ್ಲಿ ತೇವ ತುಂಬಿದ ಬೆಚ್ಚನೆಯ ಗಾಳಿಯನ್ನು ಉತ್ತರಕ್ಕೆ ತಳ್ಳುತ್ತವೆ. ಹಿಂದೆಯೂ ತಳ್ಳುತ್ತಿದ್ದವು. ಆಗ ಅವುಗಳ ದಾರಿಯಲ್ಲಿ ಮಂಜುಗಡ್ಡೆಯ ಬಯಲಿರುತ್ತಿತ್ತು, ಅದರ ಮೇಲೆ ಸಾಗುತ್ತಾ ಗಾಳಿ ತಣಿದು, ತೇವ ಹಿಮವಾಗಿ ಉದುರುತ್ತಿತ್ತು. ಈಗ ದಾರಿಯುದ್ದಕ್ಕೂ ತೆರೆದ ನೀರು. ಅದೇ ಗಾಳಿ ಮಳೆಯಾಗಿಯೇ ಬಂದು ತಲುಪುತ್ತದೆ. ಹಿನ್ನೆಲೆಯ ಉಷ್ಣಾಂಶ ಮೈನಸ್ 16 ಇದ್ದ ಕಾಲದಲ್ಲಿ ಹನ್ನೆರಡು ಡಿಗ್ರಿ ಏರಿಸುವ ಬಿರುಗಾಳಿ ಬಂದರೂ ಸೊನ್ನೆಯ ಗೆರೆ ದೂರದಲ್ಲೇ ಇರುತ್ತಿತ್ತು. ಹಿನ್ನೆಲೆ ಮೈನಸ್ 11ಕ್ಕೆ ಬಂದ ಮೇಲೆ ಅದೇ ಬಿರುಗಾಳಿ ಗೆರೆಯನ್ನು ದಾಟಿಸಿಬಿಡುತ್ತದೆ.

ಮಳೆ ಬಿದ್ದ ಮೇಲೆ

2012ರ ಜನವರಿ 30ರಂದು ನೀ-ಓಲೆಸುಂಡ್‌ನಲ್ಲಿ ಒಂದೇ ದಿನ 98 ಮಿ.ಮೀ. ಮಳೆ ಸುರಿಯಿತು. ಅದು ಅಲ್ಲಿನ ವಾರ್ಷಿಕ ಪ್ರಮಾಣದ ಸುಮಾರು ಕಾಲುಭಾಗ, ಅದೂ ಧ್ರುವರಾತ್ರಿಯ ನಡುವೆ. ಮಳೆಯ ನೀರು ಹಿಮದೊಳಗೆ ಇಳಿದು ಹೆಪ್ಪುಗಟ್ಟಿದ ನೆಲವನ್ನು ತಾಕಿತು. ಕೆಳಗೆ ಇಂಗಲು ದಾರಿಯಿಲ್ಲ, ಏಕೆಂದರೆ ಅಲ್ಲಿನ ನೆಲ ಕರಾವಳಿಯ ಕಣಿವೆಗಳಲ್ಲಿ ನೂರು ಮೀಟರ್ ಆಳದವರೆಗೂ, ಬೆಟ್ಟಗಳಲ್ಲಿ ಅದರ ಹಲವು ಪಟ್ಟು ಆಳಕ್ಕೂ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಚಳಿ ಮರಳಿದಾಗ ಆ ನೀರೆಲ್ಲ ನೆಲಕ್ಕೆ ಅಂಟಿದ ಗಟ್ಟಿ ಮಂಜಾಯಿತು.

ಇದರ ಮೊದಲ ಪೆಟ್ಟು ಬೀಳುವುದು ಹಿಮಸಾರಂಗಕ್ಕೆ. ಗಿಡ್ಡ ಕಾಲಿನ, ದುಂಡು ಮೈಯ ಈ ಉಪಜಾತಿ ಜಗತ್ತಿನಲ್ಲಿ ಸ್ವಾಲ್ಬಾರ್ಡ್ ಬಿಟ್ಟು ಬೇರೆಲ್ಲೂ ಇಲ್ಲ. ಬೇಸಿಗೆಯಲ್ಲಿ ತಿಂದು ಕೂಡಿಟ್ಟ ಕೊಬ್ಬಷ್ಟೇ ಸಾಲದೆ, ಚಳಿಗಾಲವಿಡೀ ಗೊರಸಿನಿಂದ ಹಿಮ ಕೆದಕಿ ಅಡಿಯ ಒಣಹುಲ್ಲು, ಹಾವಸೆ ಮೇಯುತ್ತದೆ. ಹಿಮ ಎಷ್ಟೇ ಆಳವಿರಲಿ, ಸಡಿಲವಾಗಿದ್ದರೆ ಅದಕ್ಕೆ ಚಿಂತೆಯಿಲ್ಲ. ನಾಲ್ಕು ಬೆರಳು ದಪ್ಪದ ಮಂಜಿನ ಹಲಗೆಯ ಮುಂದೆ ಗೊರಸು ಸೋಲುತ್ತದೆ. ಹುಲ್ಲು ಕಾಣುತ್ತದೆ, ಗಾಜಿನ ಕಪಾಟಿನಲ್ಲಿಟ್ಟ ತಿಂಡಿಯಂತೆ, ಬಾಯಿಗೆ ಸಿಗುವುದಿಲ್ಲ. ಅಂಥ ಚಳಿಗಾಲಗಳಲ್ಲಿ ಅವು ಕಡಲ ದಂಡೆಗೆ ಇಳಿದು ಅಲೆಗಳು ತಂದೆಸೆದ ಪಾಚಿ ತಿನ್ನುವುದನ್ನು ಸಂಶೋಧಕರು ದಾಖಲಿಸಿದ್ದಾರೆ. 2018ರ ಡಿಸೆಂಬರಿನ ಮಳೆಯ ನಂತರ, 2019ರ ಗಣತಿಯಲ್ಲಿ, 200ಕ್ಕೂ ಹೆಚ್ಚು ಸಾರಂಗಗಳು ಹಸಿವಿನಿಂದ ಸತ್ತುಬಿದ್ದಿದ್ದು ಕಂಡುಬಂತು.

ಇಲ್ಲಿಗೆ ನಿಲ್ಲಿಸಿದರೆ ಕತೆ ಕರುಣಾಜನಕವಾಗಿರುತ್ತದೆ, ಆದರೆ ಅಪೂರ್ಣ. ಬೇಸಿಗೆ ದೀರ್ಘವಾಗಿ ಹುಲ್ಲು ಹೆಚ್ಚಿರುವುದರಿಂದ ಸಾರಂಗಗಳ ಒಟ್ಟು ಸಂಖ್ಯೆ ಕುಸಿದಿಲ್ಲ. ಹಲವು ಕಣಿವೆಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಹೆಚ್ಚಿದೆ. ಬೇಸಿಗೆ ಕೊಟ್ಟದ್ದನ್ನು ಚಳಿಗಾಲ ಕೆಲವು ವರ್ಷ ಒಮ್ಮೆಗೇ ಕಿತ್ತುಕೊಳ್ಳುತ್ತದೆ, ಅಷ್ಟೆ. ಆರ್ಕ್‌ಟಿಕ್ ಕುರಿತ ಬರಹಗಳಲ್ಲಿ ಇಂಥ ಎರಡು ಬದಿಯ ಲೆಕ್ಕ ಅಪರೂಪ. ಸತ್ತ ಪ್ರಾಣಿಯ ಫೋಟೊ ಇದ್ದರೆ ಸಂಖ್ಯೆಗಳನ್ನು ಯಾರೂ ಕೇಳುವುದಿಲ್ಲ.

ಊರಿನ ಮೇಲಾದ ಪರಿಣಾಮ ಇನ್ನೊಂದು ಬಗೆಯದು. 2015ರ ಡಿಸೆಂಬರ್ 19ರ ಬೆಳಿಗ್ಗೆ, ರಾತ್ರಿಯಿಡೀ ಬೀಸಿದ ಬಿರುಗಾಳಿಯ ಬೆನ್ನಿಗೆ, ಊರಿನ ನೆತ್ತಿಯ ಮೇಲಿರುವ ಸುಕ್ಕರ್‌ತೊಪ್ಪೆನ್ ಬೆಟ್ಟದ ಇಳಿಜಾರಿನಿಂದ ಹಿಮ ಕುಸಿದು ಹನ್ನೊಂದು ಮನೆಗಳನ್ನು ಅಡಿಪಾಯದಿಂದ ಕಿತ್ತು ತಳ್ಳಿತು. ಒಬ್ಬ ವಯಸ್ಕ ವ್ಯಕ್ತಿ ಮತ್ತು ಒಂದು ಪುಟ್ಟ ಮಗು ತೀರಿಕೊಂಡರು. ಆ ಒಂದು ಕುಸಿತಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದು ಬೆರಳು ತೋರಿಸುವುದು ಸರಿಯಲ್ಲ; ಅದಕ್ಕೆ ಗಾಳಿ ತಂದು ಗುಡ್ಡೆಹಾಕಿದ ಹಿಮವೇ ಸಾಕಿತ್ತು. ಆದರೆ ದಶಕಗಳ ಕಾಲ ಸುರಕ್ಷಿತವೆಂದು ಭಾವಿಸಿದ್ದ ಜಾಗದಲ್ಲಿ ಮನೆ ಕಟ್ಟಿದ್ದ ಊರಿಗೆ ತನ್ನ ಅನುಭವದ ಲೆಕ್ಕ ಇನ್ನು ನಡೆಯದೆಂದು ಗೊತ್ತಾಯಿತು. 2017ರ ಫೆಬ್ರವರಿಯಲ್ಲಿ ಅದೇ ಬೆಟ್ಟ ಮತ್ತೆ ಕುಸಿಯಿತು; ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಆಮೇಲೆ ಇಳಿಜಾರಿನ ಮೇಲೆ ಉಕ್ಕಿನ ಬೇಲಿಗಳ ಸಾಲು ಎದ್ದಿತು, ಬುಡದ ನೂರಕ್ಕೂ ಹೆಚ್ಚು ಮನೆಗಳು ವಾಸಕ್ಕೆ ಅಯೋಗ್ಯವೆಂದು ತೀರ್ಮಾನವಾಯಿತು. ಇಲ್ಲಿನ ಮನೆಗಳು ಹೆಪ್ಪುಗಟ್ಟಿದ ನೆಲಕ್ಕೆ ಇಳಿಸಿದ ಮರದ ಕಂಬಗಳ ಮೇಲೆ ನಿಂತಿವೆ. ನೆಲದ ಮೇಲ್ಪದರ ಬೇಸಿಗೆಯಲ್ಲಿ ಹಿಂದಿಗಿಂತ ಆಳಕ್ಕೆ ಕರಗತೊಡಗಿದಂತೆ ಕಂಬಗಳು ವಾಲುತ್ತವೆ, ಕೊಳೆಯುತ್ತವೆ. ಹೊಸ ಕಟ್ಟಡಗಳಿಗೆ ಬಂಡೆ ಸಿಗುವವರೆಗೆ ಉಕ್ಕಿನ ಕಂಬ ಇಳಿಸಬೇಕಾಗಿದೆ.

ಜಗತ್ತಿನ ಬೀಜಗಳ ನಕಲು ಪ್ರತಿಗಳನ್ನು ಕಾಪಿಡಲು 2008ರ ಫೆಬ್ರವರಿಯಲ್ಲಿ ತೆರೆದ ಬೀಜಭಂಡಾರವೂ ಇದೇ ಊರಿನ ಬೆಟ್ಟವೊಂದರ ಒಳಗಿದೆ. ಹೈದರಾಬಾದ್ ಬಳಿಯ ಇಕ್ರಿಸಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ತಳಿಗಳ ಬೀಜಗಳೂ ಅಲ್ಲಿವೆ. ಕಲಬುರಗಿ, ವಿಜಯಪುರಗಳ ಹೊಲದ ಬೆಳೆಗಳಿವು. ಯಂತ್ರ ಕೆಟ್ಟರೂ ನೆಲದ ಚಳಿಯೇ ಬೀಜವನ್ನು ಕಾಯುತ್ತದೆ ಎಂಬುದು ಆ ಜಾಗವನ್ನು ಆರಿಸಿದ ಕಾರಣಗಳಲ್ಲೊಂದು. 2016ರ ಅಕ್ಟೋಬರಿನ ಬಿಸಿ ಮತ್ತು ಭಾರಿ ಮಳೆಯಲ್ಲಿ ಪ್ರವೇಶದ ಸುರಂಗಕ್ಕೆ ನೀರು ನುಗ್ಗಿ ಅಲ್ಲೇ ಹೆಪ್ಪುಗಟ್ಟಿತು. ಬೀಜದ ಕೋಣೆಗಳು ಇನ್ನೂ ಒಳಗಿರುವುದರಿಂದ ಅವಕ್ಕೆ ಏನೂ ಆಗಲಿಲ್ಲ. ‘ಪ್ರಳಯದ ಭಂಡಾರ ಮುಳುಗಿತು’ ಎಂದು ಆಗ ಹಬ್ಬಿದ ಸುದ್ದಿ ಉತ್ಪ್ರೇಕ್ಷೆ. ಆದರೆ ನಾರ್ವೆ ಸರ್ಕಾರ ಉಕ್ಕಿನ ಕೊಳವೆಯಂಥ ಹಳೆಯ ಸುರಂಗವನ್ನು ಬದಲಿಸಿ ನೀರು ಒಸರದ ಕಾಂಕ್ರೀಟ್ ಸುರಂಗ ಕಟ್ಟಿಸಿದ್ದು ಉತ್ಪ್ರೇಕ್ಷೆಯಲ್ಲ.

ಬೇಸಿಗೆಯ ಏರಿಕೆ ಸಣ್ಣದೆಂದು ಮೇಲೆ ಹೇಳಿದೆ. ಈಚಿನ ವರ್ಷಗಳು ಅದನ್ನೂ ಸುಳ್ಳಾಗಿಸುವ ಹಾದಿಯಲ್ಲಿವೆ. 2020ರ ಜುಲೈ 25ರಂದು ಲಾಂಗ್‌ಇಯರ್‌ಬ್ಯೂನ್‌ನಲ್ಲಿ 21.7 ಡಿಗ್ರಿ ದಾಖಲಾಗಿ 1979ರ ದಾಖಲೆ ಮುರಿಯಿತು. 2022, 2023, 2024ರ ಬೇಸಿಗೆಗಳು ಒಂದರ ಹಿಂದೊಂದು ಅಲ್ಲಿಯವರೆಗಿನ ದಾಖಲೆಯನ್ನು ಮೀರಿಸಿದವು. 2024ರ ಆಗಸ್ಟ್ ತಿಂಗಳ ಸರಾಸರಿ 11 ಡಿಗ್ರಿ ತಲುಪಿತು. ಸಾಮಾನ್ಯವಾಗಿ ಜುಲೈ ಅತಿ ಬಿಸಿಯ ತಿಂಗಳಾಗಿರುವ ಜಾಗದಲ್ಲಿ ಇದು ಯಾವ ಜುಲೈಗೂ ಸಿಗದ ಅಂಕಿ. ಆ ಒಂದೇ ಬೇಸಿಗೆಯಲ್ಲಿ ಸ್ವಾಲ್ಬಾರ್ಡ್ ತನ್ನ ಒಟ್ಟು ಹಿಮನದಿ ಸಂಪತ್ತಿನ ಶೇ 1ರಷ್ಟನ್ನು, ಸುಮಾರು 6,000 ಕೋಟಿ ಟನ್‌ಗಳನ್ನು, ಕಳೆದುಕೊಂಡಿತೆಂದು ಮರುವರ್ಷ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದರ ಬಹುಪಾಲು ಕರಗಿದ್ದು ಆರು ವಾರಗಳಲ್ಲಿ. ಇದೇ ಊರು ತನ್ನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿದ್ದು 2023ರಲ್ಲಿ, ಕೊನೆಯ ಗಣಿಯನ್ನು ಮುಚ್ಚಿದ್ದು 2025ರ ಜೂನ್‌ನಲ್ಲಿ. ಸ್ಥಾವರದ ಬದಲಿಗೆ ಬಂದಿರುವುದು ಸದ್ಯಕ್ಕೆ ಡೀಸೆಲ್.

ಹಿಮಾದ್ರಿಯ ಕಿಟಕಿಯಿಂದ

ಇದರಲ್ಲಿ ಭಾರತಕ್ಕೇನು ಕೆಲಸ ಎಂದು ಕೇಳಬಹುದು. 1920ರ ಫೆಬ್ರವರಿ 9ರಂದು ಪ್ಯಾರಿಸಿನಲ್ಲಿ ಸಹಿಯಾದ ಸ್ವಾಲ್ಬಾರ್ಡ್ ಒಪ್ಪಂದದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಭಾರತದ ಹೆಸರೂ ಇದೆ. ಆ ಹಳೆಯ ಸಹಿಯ ಬಲದಿಂದ, 2008ರ ಜುಲೈ 1ರಂದು ನೀ-ಓಲೆಸುಂಡ್‌ನಲ್ಲಿ ಹಿಮಾದ್ರಿ ಎಂಬ ಭಾರತೀಯ ನೆಲೆ ಆರಂಭವಾಯಿತು. ದಕ್ಷಿಣ ಧ್ರುವ ಖಂಡದ ಮೈತ್ರಿ ನೆಲೆಗಿಂತ ಹಿಮಾದ್ರಿ ತನ್ನ ಧ್ರುವಕ್ಕೆ ಎಂಟು ಡಿಗ್ರಿ ಹೆಚ್ಚು ಸಮೀಪದಲ್ಲಿದೆ, ಆದರೂ ಮೈತ್ರಿಗಿಂತ ಬೆಚ್ಚಗಿದೆ. ಕಾರಣ ಮತ್ತೆ ಅದೇ ಅಟ್ಲಾಂಟಿಕ್ ನೀರು. ಆ ನೀರು ಹತ್ತಿರದ ಕೊಂಗ್ಸ್‌ಫ್ಯೋರ್ಡ್ ಕೊಲ್ಲಿಯೊಳಗೆ ಎಷ್ಟು ಬರುತ್ತದೆ, ಯಾವ ತಿಂಗಳು ಬರುತ್ತದೆ ಎಂದು ಅಳೆಯಲು 2014ರ ಜುಲೈಯಲ್ಲಿ 192 ಮೀಟರ್ ಆಳದಲ್ಲಿ ಇಂಡ್‌ಆರ್ಕ್ ಎಂಬ ಉಪಕರಣಗಳ ಸರಪಳಿಯನ್ನು ಇಳಿಬಿಡಲಾಯಿತು.

ಆರ್ಕ್‌ಟಿಕ್‌ಗೂ ನಮ್ಮ ಮುಂಗಾರಿಗೂ ನಂಟಿದೆಯೆಂಬ ಮಾತು ಈಗ ಪದೇ ಪದೇ ಕೇಳಿಬರುತ್ತದೆ. ಬೇಸಿಗೆಯಲ್ಲಿ ರಷ್ಯದ ಉತ್ತರಕ್ಕಿರುವ ಕಾರಾ ಕಡಲಿನ ಮಂಜುಗಡ್ಡೆ ಕಡಿಮೆಯಾದ ವರ್ಷಗಳಿಗೂ ಸೆಪ್ಟೆಂಬರಿನಲ್ಲಿ ಮಧ್ಯ ಭಾರತದಲ್ಲಿ ಆಗುವ ಅತಿವೃಷ್ಟಿಗೂ ಸಂಬಂಧವನ್ನು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಮುಂದಿಟ್ಟರು. ವಾಯುಮಂಡಲದ ಮೇಲ್ಪದರದ ಅಲೆಗಳ ಮೂಲಕ ಇದು ನಡೆಯುವ ಬಗೆಯನ್ನೂ ಅವರು ಸೂಚಿಸಿದ್ದಾರೆ. ಇದು ಗಂಭೀರವಾದ ಸಂಶೋಧನೆ. ಆದರೆ ಅಲ್ಲಿ ಮಂಜು ಕರಗಿದ್ದರಿಂದ ಕೊಡಗಿನಲ್ಲಿ ಗುಡ್ಡ ಕುಸಿಯಿತು ಎಂಬಂಥ ಮಾತಿಗೆ ಅದು ಆಧಾರವಾಗುವುದಿಲ್ಲ. ಮುಂಗಾರಿನ ಮೇಲೆ ಹಿಂದೂ ಮಹಾಸಾಗರ, ಎಲ್ ನಿನೊ, ಹಿಮಾಲಯದ ಹಿಮ ಇವೆಲ್ಲವುಗಳ ಕೈಯಿದೆ. ಆರ್ಕ್‌ಟಿಕ್‌ನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ಕೆಲವು ದಶಕಗಳ ಮಾಪನ ಬೇಕು, ಮುಖ್ಯವಾಗಿ ಚಳಿಗಾಲದ ಮಾಪನ ಬೇಕು.

ಅದೇ ನಮ್ಮಲ್ಲಿ ಕೊರತೆಯಿದ್ದದ್ದು. ಮೊದಲ ಹದಿನೈದು ವರ್ಷ ಹಿಮಾದ್ರಿಗೆ ಭಾರತೀಯ ತಂಡಗಳು ಹೋಗುತ್ತಿದ್ದದ್ದು ಮುಖ್ಯವಾಗಿ ಬೆಳಕಿನ ತಿಂಗಳುಗಳಲ್ಲಿ. ಧ್ರುವರಾತ್ರಿಯಲ್ಲೂ ನೆಲೆಯಲ್ಲಿ ಜನ ಇರುವಂಥ ಚಳಿಗಾಲದ ಯಾತ್ರೆ ಆರಂಭವಾದದ್ದು 2023ರ ಡಿಸೆಂಬರಿನಲ್ಲಿ. ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರು ಹೋದದ್ದು ಹಿಮಕ್ಕಾಗಿ ಅಲ್ಲ, ಮೌನಕ್ಕಾಗಿ. ಅಲ್ಲಿನ ಭೂಮಾಪನದ ಆಂಟೆನಾಗಳಿಗೆ ಅಡ್ಡಿಯಾಗಬಾರದೆಂದು ಆ ಊರಿನಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ನಿಷೇಧವಿದೆ. ಬ್ರಹ್ಮಾಂಡದ ಆದಿಕಾಲದ ಕ್ಷೀಣ ರೇಡಿಯೊ ಸಂಕೇತಗಳನ್ನು ಆಲಿಸಲು ಅಂಥ ಜಾಗ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಜತೆಗಿದ್ದ ಪುಣೆ, ಇಂದೋರ್, ಗೋವಾಗಳ ಸಂಶೋಧಕರಲ್ಲಿ ವಾಯುಮಂಡಲದ ಅಧ್ಯಯನ ಮಾಡುವವರಿದ್ದರು. ಹಿಮಾದ್ರಿಯಿಂದ ಸ್ವಲ್ಪ ದೂರದಲ್ಲಿ, ಗಣಿ ಕಾರ್ಮಿಕರ ಹಳೆಯ ಸ್ನಾನದ ಮನೆಯಾಗಿದ್ದ ಗ್ರೂವೆಬಾದೆತ್ ಎಂಬಲ್ಲಿ ಭಾರತದ ವಾಯುಮಂಡಲ ಪ್ರಯೋಗಾಲಯವಿದೆ. ಅಲ್ಲಿರುವ ಉಪಕರಣಗಳಲ್ಲಿ ನೆಟ್ಟಗೆ ಆಕಾಶದತ್ತ ಮುಖಮಾಡಿದ ಸಣ್ಣ ರೇಡಾರ್ ಒಂದಿದೆ. ಬೀಳುತ್ತಿರುವ ಹನಿ ಅಥವಾ ಹಳುಕಿನ ವೇಗವನ್ನು ಎತ್ತರದಿಂದ ಎತ್ತರಕ್ಕೆ ಅಳೆಯುವುದು ಅದರ ಕೆಲಸ. ಹಿಮದ ಹಳುಕು ನಿಧಾನವಾಗಿ ತೇಲಿ ಇಳಿಯುತ್ತದೆ, ಕರಗಿ ಹನಿಯಾದ ಕೂಡಲೇ ವೇಗ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಸೊನ್ನೆಯ ಗೆರೆ ಯಾವ ಗಳಿಗೆಯಲ್ಲಿ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿತ್ತು ಎಂಬುದನ್ನು ಅದರ ದಾಖಲೆಯಿಂದ ಓದಬಹುದು, ಕತ್ತಲೆಯಲ್ಲೂ.